ದಾಳಿಂಬೆ, ಲಿಂಬೆ, ದ್ರಾಕ್ಷಿಯ ದುಂಡಾಣುಗಳಿಗೆ ಒಂದೇ ವೈರಸ್: ‘ಸಿಕ್ಕಿತು’ ಎನ್ನುವ ಮುನ್ನ

ದಾಳಿಂಬೆಗೆ ದುಂಡಾಣು ಅಂಗಮಾರಿ ಬಂದರೆ ಮೊದಲು ಎಲೆಯ ಮೇಲೆ ಎಣ್ಣೆ ಸಿಡಿದಂಥ ಸಣ್ಣ ಚುಕ್ಕೆ, ಆಮೇಲೆ ಕಾಯಿಯ ಮೇಲೆ ಕಪ್ಪು ಕಲೆ, ಕೊನೆಗೆ ಆ ಕಲೆಯ ನಡುವೆಯೇ ಸೀಳು. ಗಡಿಯಾಚೆ ಸೊಲ್ಲಾಪುರದ ಕಡೆ ಇದನ್ನು ‘ತೇಲ್ಯಾ’ ಎನ್ನುವುದೂ ಆ ಎಣ್ಣೆಯ ಹೊಳಪಿನಿಂದಲೇ. ಬಾಗಲಕೋಟೆ, ವಿಜಯಪುರದ ತೋಟಗಳಲ್ಲಿ ಮೋಡ ಕವಿದು ನಾಲ್ಕು ದಿನ ಜಿಟಿಜಿಟಿ ಹಿಡಿದರೆ ಸಾಕು, ಪಂಪು ಹೊರಬೀಳುತ್ತದೆ: ಲೀಟರ್ ನೀರಿಗೆ ಅರ್ಧ ಗ್ರಾಂ ಸ್ಟ್ರೆಪ್ಟೊಸೈಕ್ಲಿನ್, ಜತೆಗೆ ಎರಡು ಗ್ರಾಂ ಕಾಪರ್ ಆಕ್ಸಿಕ್ಲೋರೈಡ್. ಆ ಸ್ಟ್ರೆಪ್ಟೊಸೈಕ್ಲಿನ್ ಪುಡಿಯ ಹತ್ತರಲ್ಲಿ ಒಂಬತ್ತು ಪಾಲು ಸ್ಟ್ರೆಪ್ಟೊಮೈಸಿನ್, ಅಂದರೆ ಕ್ಷಯರೋಗಿಗೆ ಚುಚ್ಚುವ ಔಷಧವೇ. ಉಳಿದ ಒಂದು ಪಾಲು ಟೆಟ್ರಾಸೈಕ್ಲಿನ್. ಇವೆರಡನ್ನೂ ಹೊಲದಿಂದ ಹೊರಗಿಡಬೇಕು, 2024ರ ಜನವರಿಯಿಂದ ಬಳಕೆಯೇ ನಿಲ್ಲಬೇಕು ಎಂದು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನ ಕರಡು ಆದೇಶದಲ್ಲೇ ಹೇಳಿತ್ತು.

ಹಾಗಾದರೆ ಬದಲಿಗೆ ಏನು ಹೊಡೆಯಬೇಕು? ಈಚೆಗೆ ಕೇಳಿಬರುವ ಉತ್ತರಗಳಲ್ಲಿ ಒಂದು ಬ್ಯಾಕ್ಟೀರಿಯೊಫೇಜ್, ಚಿಕ್ಕದಾಗಿ ಫೇಜ್. ದುಂಡಾಣುವಿನ, ಅಂದರೆ ಬ್ಯಾಕ್ಟೀರಿಯಾದ ಒಳಗೆ ಹೊಕ್ಕು, ಅಲ್ಲೇ ನೂರಾರಾಗಿ, ಅದನ್ನು ಒಡೆದು ಹೊರಬರುವ ವೈರಸ್ ಇದು. ವಿಷಯ ಹೊಸದಲ್ಲ. 1915ರಲ್ಲಿ ಟ್ವೋರ್ಟ್, 1917ರಲ್ಲಿ ಡಿ’ಹೆರೆಲ್ ಇದನ್ನು ಗುರುತಿಸಿದರು. ಅಮೆರಿಕದಲ್ಲಿ ಟೊಮೆಟೊದ ದುಂಡಾಣು ಚುಕ್ಕೆಗೆ ಹೊಡೆಯುವ ಫೇಜ್ ಔಷಧಕ್ಕೆ 2005ರಲ್ಲೇ ನೋಂದಣಿ ಸಿಕ್ಕಿದೆ. ನಮ್ಮ ಸೀಮೆಗೆ ಮಾತ್ರ ಇದರಲ್ಲಿ ಇನ್ನೊಂದು ಆಸೆ ಸೇರಿಕೊಂಡಿದೆ. ದಾಳಿಂಬೆಯ ಅಂಗಮಾರಿ, ಇಂಡಿ ಲಿಂಬೆಗೆ ಬರುವ ಕಜ್ಜಿ, ದ್ರಾಕ್ಷಿಯ ದುಂಡಾಣು ಎಲೆಚುಕ್ಕೆ, ಹತ್ತಿಯ ಕೋನಾಕಾರದ ಎಲೆಚುಕ್ಕೆ, ಈ ನಾಲ್ಕಕ್ಕೂ ಕಾರಣವಾದ ದುಂಡಾಣುಗಳು ಈಗಿನ ವರ್ಗೀಕರಣದಲ್ಲಿ ಒಂದೇ ಪ್ರಭೇದ: ಕ್ಸಾಂಥೊಮೊನಾಸ್ ಸಿಟ್ರಿ. ಪ್ಯುನಿಕೆ, ಸಿಟ್ರಿ, ವಿಟಿಕೋಲಾ, ಮಾಲ್ವಸಿಯಾರಮ್ ಎಂಬವು ಅದರ ಪ್ಯಾಥೋವಾರ್‌ಗಳು, ಅಂದರೆ ಬೆಳೆ ಹಂಚಿಕೊಂಡ ದಾಯಾದಿಗಳು. ಈ ನಾಲ್ಕೂ ಬೆಳೆ ಒಂದೇ ತಾಲೂಕಿನಲ್ಲಿ ಕಾಣಸಿಗುವ ಜಿಲ್ಲೆ ವಿಜಯಪುರ. ನಾಲ್ವರು ದಾಯಾದಿಗಳನ್ನೂ ಹೊಡೆಯುವ ಒಂದೇ ಫೇಜ್ ಸಿಕ್ಕರೆ ತಯಾರಿಕೆ ಒಂದು, ನೋಂದಣಿ ಒಂದು, ಬಾಟಲಿ ಒಂದು.

ಅಂಥ ಫೇಜ್ ಇರಬಹುದು. ಆದರೆ ‘ಹಲವು ಬಗೆಯ ದುಂಡಾಣುಗಳನ್ನು ಕೊಲ್ಲುವ ಫೇಜ್ ಸಿಕ್ಕಿತು’ ಎಂಬ ಮಾತಿನಲ್ಲಿ ಬಹುಪಾಲು ಅಳತೆಯ ತಪ್ಪಿನಿಂದ ಹುಟ್ಟಿದ್ದು. ಹುಡುಕಿದ ಕ್ರಮ, ಪರೀಕ್ಷಿಸಿದ ಕ್ರಮ ಎರಡನ್ನೂ ನೋಡದೆ ಆ ಮಾತಿಗೆ ಬೆಲೆ ಕಟ್ಟಲು ಬರುವುದಿಲ್ಲ.

ಎಲ್ಲಿ ಹುಡುಕಬೇಕು, ಹೇಗೆ ಬಿಡಿಸಿಕೊಳ್ಳಬೇಕು

ಕರುಳಿನ ದುಂಡಾಣುಗಳ ಫೇಜ್ ಬೇಕಿದ್ದರೆ ಬೆಳಗಾವಿಯ ಬಳ್ಳಾರಿ ನಾಲೆಯಂಥ ಗಟಾರದ ನೀರೇ ಸಾಕು, ಒಂದು ಬಾಟಲಿ ತುಂಬಿಕೊಂಡರೆ ಕೆಲಸವಾಯಿತು. ಕ್ಸಾಂಥೊಮೊನಾಸ್‌ಗೆ ಆ ದಾರಿ ಅಷ್ಟಾಗಿ ಫಲ ಕೊಡದು. ಬೇಟೆ ಇರುವಲ್ಲೇ ಬೇಟೆಗಾರ. ರೋಗ ಹತ್ತಿದ ಗಿಡದ ಬುಡದ ಮಣ್ಣು, ಉದುರಿದ ಎಲೆ, ಸೀಳಿದ ಕಾಯಿಯ ಸಿಪ್ಪೆ, ಡ್ರಿಪ್ ಫಿಲ್ಟರಿನಲ್ಲಿ ಕೂತ ಕೆಸರು, ಇವನ್ನು ಬೇರೆ ಬೇರೆ ಚೀಲದಲ್ಲಿ ತಂದು, 4 ಡಿಗ್ರಿಯಲ್ಲಿಟ್ಟು, ಒಂದೆರಡು ದಿನದೊಳಗೆ ಕೆಲಸಕ್ಕೆ ಹಚ್ಚಬೇಕು. ಮೂರ್ನಾಲ್ಕು ದಿನದ ಹಿಂದೆ ತಾಮ್ರ ಹೊಡೆದ ತೋಟದಿಂದ ತಂದ ಎಲೆಯಲ್ಲಿ ಫೇಜ್ ಕಾಣದಿದ್ದರೆ ‘ಇಲ್ಲಿ ಫೇಜ್ ಇಲ್ಲ’ ಎಂದು ಬರೆದುಕೊಳ್ಳಬೇಡಿ. ತಾಮ್ರದ ಅಯಾನುಗಳು ಫೇಜನ್ನೂ ಕೊಲ್ಲುತ್ತವೆ.

ನಮ್ಮ ಯರಿ (ಕಪ್ಪು) ಮಣ್ಣು ಇಲ್ಲಿ ತನ್ನದೇ ತೊಡಕು ಒಡ್ಡುತ್ತದೆ. ಅದರ ಜೇಡಿ ಕಣಗಳಿಗೂ ಫೇಜಿನ ಹೊರಮೈಗೂ ಋಣ ವಿದ್ಯುದಂಶ. ನಡುವೆ ಕ್ಯಾಲ್ಸಿಯಂ ಸೇತುವೆಯಾಗಿ ನಿಂತು ಎರಡನ್ನೂ ಅಂಟಿಸುತ್ತದೆ. ಬರೀ ನೀರಿನಲ್ಲಿ ಕಲಕಿ ಸೋಸಿದರೆ ಫೇಜ್ ಕೆಸರಿನ ಜತೆ ತಳಕ್ಕೆ ಹೋಗುತ್ತದೆ. 10 ಗ್ರಾಂ ಮಣ್ಣಿಗೆ 3% ಬೀಫ್ ಎಕ್ಸ್‌ಟ್ರಾಕ್ಟ್ ದ್ರಾವಣ 30ರಿಂದ 50 ಮಿ.ಲೀ. ಹಾಕಿ, ಪಿಎಚ್ 9ರ ಆಸುಪಾಸಿಗೆ ತಂದು, ಅರ್ಧ ಗಂಟೆ ಕುಲುಕಿದರೆ ಪ್ರೋಟೀನು ಜೇಡಿಯ ಮೇಲಿನ ಜಾಗ ಹಿಡಿದು ಫೇಜನ್ನು ಬಿಡಿಸುತ್ತದೆ. ಪಿಎಚ್ ಅನ್ನು ಕೂಡಲೇ 7.2ಕ್ಕೆ ಇಳಿಸಿ. ಆಮೇಲೆ 10,000 ಜಿ ಬಲದಲ್ಲಿ 15 ನಿಮಿಷ ಸೆಂಟ್ರಿಫ್ಯೂಜ್, ತಿಳಿಯನ್ನು ಮೊದಲು 0.45, ಆಮೇಲೆ 0.22 ಮೈಕ್ರೊಮೀಟರ್ ಫಿಲ್ಟರ್. ನೇರವಾಗಿ 0.22ಕ್ಕೆ ಹಾಕಿದರೆ ಯರಿ ಮಣ್ಣಿನ ತಿಳಿ ಐದು ಮಿ.ಲೀ. ದಾಟುವಷ್ಟರಲ್ಲಿ ಫಿಲ್ಟರನ್ನು ಕಟ್ಟುತ್ತದೆ. ಫಿಲ್ಟರಿನ ಪೊರೆ ಪ್ರೋಟೀನು ಕಡಿಮೆ ಹೀರುವ ಪಾಲಿಈಥರ್ ಸಲ್ಫೋನ್ ಜಾತಿಯದ್ದಿರಲಿ. ತೀರ ದೊಡ್ಡ ಗಾತ್ರದ ‘ಜಂಬೊ’ ಫೇಜ್‌ಗಳು 0.22ರಲ್ಲಿ ಸಿಕ್ಕಿಬೀಳುತ್ತವೆ ಎಂಬುದೂ ಗೊತ್ತಿರಲಿ. ಫಿಲ್ಟರ್ ಬದಲು ಕ್ಲೋರೋಫಾರ್ಮ್ ಬಳಸುವವರು ಕೊಬ್ಬಿನ ಪೊರೆಯ ಫೇಜ್‌ಗಳನ್ನೂ ದಾರದಂಥ ಫೇಜ್‌ಗಳನ್ನೂ ಕಳೆದುಕೊಳ್ಳುತ್ತಾರೆ.

ಇನ್ನು ಆತಿಥೇಯ, ಅಂದರೆ ಫೇಜ್ ಬೆಳೆಯಲು ಬೇಕಾದ ದುಂಡಾಣು. ಕ್ಸಾಂಥೊಮೊನಾಸ್‌ಗೆ 28 ಡಿಗ್ರಿ ಸರಿ, 37 ಅಲ್ಲ. ಪ್ಲೇಟಿನ ಮೇಲೆ ಹಳದಿ ವಸಾಹತು ಕಾಣಲು ಎರಡು-ಮೂರು ದಿನ ಬೇಕು. ಇದಕ್ಕೆ ಸಕ್ಕರೆ ಹೆಚ್ಚು ಹಾಕಿದರೆ ಕ್ಸಾಂಥನ್ ಎಂಬ ಗೋಂದು ಸುರಿಸುತ್ತದೆ; ಐಸ್‌ಕ್ರೀಮು, ಸಾಸ್ ಗಟ್ಟಿ ಮಾಡಲು ಹಾಕುವ ಗೋಂದು ಇದೇ. ಆ ಲೋಳೆಯೊಳಗೆ ಕೂತ ಕೋಶವನ್ನು ಸೆಂಟ್ರಿಫ್ಯೂಜ್ ಕೆಳಗಿಳಿಸಲಾರದು, ಫೇಜ್ ಮುಟ್ಟಲಾರದು, ಫೇಜ್ ಕೊಂದ ಗುರುತಾದ ತಿಳಿ ಚುಕ್ಕೆಗಳು, ಅಂದರೆ ಪ್ಲಾಕ್‌ಗಳೆಲ್ಲ ಮಸುಕಾಗುತ್ತವೆ. ತಳಿ ಉಳಿಸಿಕೊಳ್ಳಲು ಸಕ್ಕರೆಯ ಮಾಧ್ಯಮ ಇಟ್ಟುಕೊಳ್ಳಿ. ಫೇಜ್ ಕೆಲಸಕ್ಕೆ ಸಕ್ಕರೆ ಇಲ್ಲದ ಸಾದಾ ನ್ಯೂಟ್ರಿಯೆಂಟ್ ಬ್ರಾತ್ ಎಂಬ ಪೋಷಕ ದ್ರಾವಣ ಸಾಕು.

ಹಲವು ಆತಿಥೇಯರ ಫೇಜ್ ಬೇಕೆಂದರೆ ಪುಷ್ಟೀಕರಣದ ಹಂತದಲ್ಲೇ, ಅಂದರೆ ಮಾದರಿಯ ಅಷ್ಟಿಷ್ಟು ಫೇಜನ್ನು ದುಂಡಾಣುವಿನ ಮೇಲೆ ಬೆಳೆಸಿ ಹೆಚ್ಚಿಸುವಾಗಲೇ, ದಾರಿ ಕವಲೊಡೆಯುತ್ತದೆ. ಒಂದೇ ದುಂಡಾಣುವಿನ ಮೇಲೆ ಫೇಜ್ ಬೆಳೆಸಿ, ಆಮೇಲೆ ಉಳಿದವುಗಳ ಮೇಲೆ ಪರೀಕ್ಷಿಸುವುದು ರೂಢಿ. ಹಾಗೆ ಮಾಡಿದರೆ ಆ ಒಂದರ ಮೇಲೆ ಅತಿ ಬೇಗ ಬೆಳೆಯುವ ಫೇಜೇ ಗೆಲ್ಲುತ್ತದೆ, ಅದು ಬಹುತೇಕ ಸಂಕುಚಿತ, ಅಂದರೆ ಕೆಲವೇ ತಳಿಗಳನ್ನು ಹೊಡೆಯುವ ಫೇಜ್. ನಾಲ್ಕೂ ದುಂಡಾಣುಗಳನ್ನು ಒಂದೇ ಫ್ಲಾಸ್ಕಿಗೆ ಸುರಿದರೆ ನಾಲ್ಕು ಸಂಕುಚಿತ ಫೇಜ್‌ಗಳು ಒಟ್ಟಿಗೆ ಬೆಳೆದು, ಆ ಲೈಸೇಟ್ (ದುಂಡಾಣು ಒಡೆದು ಫೇಜ್ ತುಂಬಿದ ದ್ರವ) ನಾಲ್ಕನ್ನೂ ಕೊಂದು, ನೋಡಿದವರಿಗೆ ಒಂದೇ ಫೇಜ್ ಎಂಬ ಭ್ರಮೆ ಹುಟ್ಟಿಸುತ್ತದೆ. ಇವೆರಡಕ್ಕಿಂತ ಸರದಿಯ ಪುಷ್ಟೀಕರಣ ಮೇಲು: ಸೋಸಿದ ಮಾದರಿ 50 ಮಿ.ಲೀ., ದುಪ್ಪಟ್ಟು ಸಾಂದ್ರತೆಯ ಬ್ರಾತ್ 50 ಮಿ.ಲೀ., ಕ್ಯಾಲ್ಸಿಯಂ ಕ್ಲೋರೈಡ್ 2 ಮಿಲಿಮೋಲಾರ್, ಮೆಗ್ನೀಷಿಯಂ ಸಲ್ಫೇಟ್ 10 ಮಿಲಿಮೋಲಾರ್, ಎಳೆಯ ದಾಳಿಂಬೆ ತಳಿ (ದಾಳಿಂಬೆಗೆ ರೋಗ ತರುವ ದುಂಡಾಣು) 1 ಮಿ.ಲೀ.; 28 ಡಿಗ್ರಿಯಲ್ಲಿ 24 ಗಂಟೆ ಕುಲುಕಿ, ಸೋಸಿ, ಅದರ 1 ಮಿ.ಲೀ. ಅನ್ನು ಲಿಂಬೆ ತಳಿಯ 100 ಮಿ.ಲೀ.ಗೆ, ಅಲ್ಲಿಂದ ದ್ರಾಕ್ಷಿಯದಕ್ಕೆ, ಅಲ್ಲಿಂದ ಹತ್ತಿಯದಕ್ಕೆ.

ಇದನ್ನೂ ಕಣ್ಣು ಮುಚ್ಚಿ ನಂಬಬಾರದು. ಲೆಕ್ಕ ಹಾಕಿ ನೋಡಿ. ದಾಳಿಂಬೆ ತಳಿಯ ಮೇಲೆ ಮಾತ್ರ ಬೆಳೆಯುವ ಫೇಜ್ ಮೊದಲ ಫ್ಲಾಸ್ಕಿನಲ್ಲಿ ಮಿ.ಲೀ.ಗೆ 10⁹ ಆಗಿದೆ ಎನ್ನಿ. ನೂರಕ್ಕೆ ಒಂದರಂತೆ ದಾಟಿಸುತ್ತ ಹೋದರೆ, ಎಲ್ಲೂ ಬೆಳೆಯದಿದ್ದರೂ ಲಿಂಬೆ ಫ್ಲಾಸ್ಕಿನಲ್ಲಿ 10⁷, ದ್ರಾಕ್ಷಿಯದರಲ್ಲಿ 10⁵, ಹತ್ತಿಯದರಲ್ಲಿ 10³ ಉಳಿದಿರುತ್ತದೆ. ‘ನಾಲ್ಕು ಆತಿಥೇಯರನ್ನು ದಾಟಿ ಬಂದ ಫೇಜ್’ ಎಂಬ ಹೆಗ್ಗಳಿಕೆ ಬರೀ ಬಸ್ಸು ಹತ್ತಿ ಇಳಿದ ಪ್ರಯಾಣಿಕನದೂ ಆಗಿರಬಹುದು. ಅತ್ತ ಹತ್ತಿಯ ತಳಿಯ ಮೇಲೆ ಮಾತ್ರ ಬೆಳೆಯುವ ಫೇಜ್ ಮೂಲ ಮಾದರಿಯಲ್ಲಿ ಒಂದಿಷ್ಟು ಇದ್ದು, ಕೊನೆಯ ಫ್ಲಾಸ್ಕಿನಲ್ಲಿ ಉಬ್ಬಿಕೊಂಡಿರಲೂಬಹುದು.

ಪ್ರತಿ ಹಂತದಲ್ಲೂ ಮಾದರಿ ಹಾಕದ, ದುಂಡಾಣು ಮತ್ತು ಬ್ರಾತ್ ಮಾತ್ರ ಇರುವ ಒಂದು ಫ್ಲಾಸ್ಕ್ ಜತೆಗಿರಲೇಬೇಕು. ಕ್ಸಾಂಥೊಮೊನಾಸ್ ತಳಿಗಳ ಜೀನೋಮಿನಲ್ಲೇ ಸೇರಿಹೋಗಿ ಮಲಗಿರುವ ಫೇಜ್‌ಗಳು, ಅಂದರೆ ಪ್ರೊಫೇಜ್‌ಗಳು ಸಾಮಾನ್ಯ. ಒಂದು ತಳಿಯಿಂದ ಎದ್ದ ಪ್ರೊಫೇಜ್ ಇನ್ನೊಂದರ ಮೇಲೆ ಚೊಕ್ಕ ಪ್ಲಾಕ್ ಮಾಡುತ್ತದೆ. ತೋಟದ ಮಣ್ಣಿನಿಂದ ಬಂತು ಎಂದುಕೊಂಡದ್ದು ನಿಮ್ಮದೇ ಫ್ರಿಜ್ಜಿನಿಂದ ಬಂದಿರುತ್ತದೆ.

ಪ್ಲೇಟ್ ಓದುವುದು

ಪ್ಲಾಕ್ ಎಣಿಸಲು ಎರಡು ಪದರದ ಅಗರ್ (ದುಂಡಾಣು ಬೆಳೆಸುವ ಜೆಲ್ಲಿ). ಕೆಳಗೆ 1.5%, ಮೇಲೆ 0.5% ಅಗರ್ 4 ಮಿ.ಲೀ., ಅದರಲ್ಲಿ ಎಳೆಯ ದುಂಡಾಣು 200 ಮೈಕ್ರೊಲೀಟರ್, ತೆಳುಗೊಳಿಸಿದ ಫೇಜ್ 100 ಮೈಕ್ರೊಲೀಟರ್. ಮೇಲಿನ ಅಗರ್ 45-47 ಡಿಗ್ರಿಯಲ್ಲಿರಬೇಕು. 55ರಲ್ಲಿ ಸುರಿದರೆ ಕ್ಸಾಂಥೊಮೊನಾಸ್ ಸತ್ತು ಪ್ಲೇಟ್ ಬೋಳಾಗುತ್ತದೆ, ತೀರ ತಣ್ಣಗಾಗಲು ಬಿಟ್ಟರೆ ಗಂಟುಗಂಟಾಗುತ್ತದೆ. ತಳದ ಪ್ಲೇಟನ್ನು ಹಿಂದಿನ ದಿನವೇ ಸುರಿದು ಒಣಗಿಸಿ. ಮುಚ್ಚಳದಿಂದ ಹನಿ ಬಿದ್ದರೆ ಪ್ಲಾಕ್‌ಗಳು ಒಂದರೊಳಗೊಂದು ಹರಿದು ಎಣಿಕೆ ಕೆಡುತ್ತದೆ. ಎಣಿಕೆಗೆ 30ರಿಂದ 300 ಪ್ಲಾಕ್ ಇರುವ ಪ್ಲೇಟನ್ನೇ ಆರಿಸಬೇಕು.

ಹೆಚ್ಚಿನವರು ಈ ಶ್ರಮ ಬಿಟ್ಟು ಚುಕ್ಕೆ ಪರೀಕ್ಷೆಯಲ್ಲೇ ನಿಲ್ಲುತ್ತಾರೆ: ದುಂಡಾಣುವಿನ ಹಾಸಿನ ಮೇಲೆ ಲೈಸೇಟಿನ 5 ಮೈಕ್ರೊಲೀಟರ್ ಹನಿ, ಮರುದಿನ ಹನಿ ಬಿದ್ದಲ್ಲಿ ತಿಳಿ ವೃತ್ತ, ಕೋಷ್ಟಕದಲ್ಲಿ ಒಂದು ಪ್ಲಸ್ ಚಿಹ್ನೆ. ಹತ್ತು ತಳಿಯ ಮುಂದೆ ಹತ್ತು ಪ್ಲಸ್ ಬಿದ್ದರೆ ‘ವ್ಯಾಪಕ ಆತಿಥೇಯ ಶ್ರೇಣಿ’. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಮೋಸ ಮಾಡಿರುವುದು ಈ ಪ್ಲಸ್ ಚಿಹ್ನೆಯೇ. ತಿಳಿ ವೃತ್ತಕ್ಕೆ ಫೇಜ್ ಬೆಳೆಯಲೇಬೇಕೆಂದಿಲ್ಲ. ಒಂದು ಕೋಶಕ್ಕೆ ನೂರಾರು ಫೇಜ್ ಒಮ್ಮೆಲೇ ಅಂಟಿದರೆ, ಒಳಗೆ ಒಂದೂ ಮರಿಯಾಗದಿದ್ದರೂ ಗೋಡೆ ತೂತಾಗಿ ಕೋಶ ಸಾಯುತ್ತದೆ. ಲೈಸೇಟಿನಲ್ಲಿ ಉಳಿದ ಬ್ಯಾಕ್ಟೀರಿಯೋಸಿನ್‌ಗಳು, ಅಂದರೆ ಒಂದು ದುಂಡಾಣು ನೆರೆಯ ದುಂಡಾಣುವಿಗೆ ಇಡುವ ವಿಷ, ಅದೇ ವೃತ್ತ ಮಾಡುತ್ತವೆ. ಸರಿಯಾಗಿ ಆರಿಸದ ಕ್ಲೋರೋಫಾರ್ಮೂ ಮಾಡುತ್ತದೆ.

ಬೇರ್ಪಡಿಸಲು ಹನಿಯನ್ನು ಹತ್ತುಪಟ್ಟಿನಂತೆ ತೆಳುಗೊಳಿಸುತ್ತ ಒಂದೇ ಪ್ಲೇಟಿನ ಮೇಲೆ ಎಂಟು ಹನಿ ಇಡಿ. ನಿಜವಾದ ಫೇಜ್ ಆದರೆ ಯಾವುದೋ ಒಂದು ಹನಿಯಲ್ಲಿ ವೃತ್ತ ಒಡೆದು ಬಿಡಿಬಿಡಿ ಪ್ಲಾಕ್‌ಗಳಾಗುತ್ತವೆ: ಇಪ್ಪತ್ತು, ಮುಂದಿನದರಲ್ಲಿ ಎರಡು. ವಿಷವಾದರೆ ವೃತ್ತ ಮಸುಕಾಗುತ್ತ, ಇನ್ನೂ ಮಸುಕಾಗುತ್ತ, ಇಲ್ಲವಾಗುತ್ತದೆ. ಬಿಡಿ ಚುಕ್ಕೆ ಎಲ್ಲೂ ಕಾಣುವುದಿಲ್ಲ.

ಇನ್ನೂ ಒಳಕ್ಕೆ ಹೋಗಲು ಪ್ಲಾಕ್ ದಕ್ಷತೆ ಬೇಕು, ಅಂದರೆ ಮೂಲ ತಳಿಯ ಮೇಲಿನ ಪ್ಲಾಕ್ ಎಣಿಕೆಯಲ್ಲಿ ಇನ್ನೊಂದು ತಳಿಯದು ಎಷ್ಟು ಪಾಲು ಎಂಬ ಲೆಕ್ಕ. ಒಂದೇ ಲೈಸೇಟ್, ಒಂದೇ ದಿನ, ನಾಲ್ಕು ತಳಿ. ದಾಳಿಂಬೆ ತಳಿಯ ಮೇಲೆ 10⁻⁶ ತೆಳುವಿನಲ್ಲಿ 84 ಪ್ಲಾಕ್ ಬಂದವು ಎಂದುಕೊಳ್ಳಿ, 0.1 ಮಿ.ಲೀ. ಹಾಕಿದ್ದರಿಂದ ಮಿ.ಲೀ.ಗೆ 8.4×10⁸. ಲಿಂಬೆ ತಳಿಯ ಮೇಲೆ ಅದೇ ತೆಳುವಿನಲ್ಲಿ 42, ದಕ್ಷತೆ 0.5. ದ್ರಾಕ್ಷಿ ತಳಿಯ ಮೇಲೆ 10⁻³ ತೆಳುವಿನಲ್ಲಿ 67, ಅಂದರೆ 6.7×10⁵, ದಕ್ಷತೆ 0.0008. ಹತ್ತಿಯದರ ಮೇಲೆ ಮೊದಲೆರಡು ಹನಿ ತಿಳಿ, ಮೂರನೆಯದು ಮಸುಕು, ಪ್ಲಾಕ್ ಇಲ್ಲ. ಚುಕ್ಕೆ ಪರೀಕ್ಷೆಯ ಕೋಷ್ಟಕದಲ್ಲಿ ಇವು ನಾಲ್ಕೂ ಪ್ಲಸ್. ಇಲ್ಲಿ ಲಿಂಬೆಯದು ಗಟ್ಟಿ, ಹತ್ತಿಯದು ಸೊನ್ನೆ, ದ್ರಾಕ್ಷಿಯದು ತನಿಖೆಯಾಗಬೇಕಾದ ಪ್ರಕರಣ.

ಆ ತನಿಖೆಯೇ ಇಡೀ ಕೆಲಸದಲ್ಲಿ ಹೆಚ್ಚು ರುಚಿಯ ಭಾಗ. ಸಾವಿರಕ್ಕೆ ಒಂದೂ ಇಲ್ಲದಷ್ಟು ಪ್ಲಾಕ್ ಬಂದದ್ದಕ್ಕೆ ಮೂರು ಕಾರಣ ಇರಬಹುದು. ಒಂದು, ಪ್ಲಾಕ್ ಕೀಳುವಾಗ ದ್ರಾಕ್ಷಿ ತಳಿಯ ಬೇರೊಂದು ಫೇಜ್ ಸೇರಿಕೊಂಡಿದೆ. ಎರಡು, ದ್ರಾಕ್ಷಿ ತಳಿ ಒಳಬಂದ ಪರಕೀಯ ಡಿಎನ್‌ಎಯನ್ನು ಕತ್ತರಿಸುತ್ತಿದೆ, ಅಪರೂಪಕ್ಕೊಂದು ತಪ್ಪಿಸಿಕೊಳ್ಳುತ್ತಿದೆ. ಮೂರು, ಅವು ರೂಪಾಂತರಗೊಂಡ ಫೇಜ್‌ಗಳು. ದ್ರಾಕ್ಷಿ ಹಾಸಿನಿಂದ ಒಂದು ಪ್ಲಾಕ್ ಕಿತ್ತು ಮತ್ತೆ ದಾಳಿಂಬೆ ತಳಿಯ ಮೇಲೆ ಹಾಕಿ. ಅಲ್ಲಿ ಏನೂ ಬೆಳೆಯದಿದ್ದರೆ ಮೊದಲನೆಯದು, ಬೆರಕೆ. ಬೆಳೆದರೆ ಆ ಫೇಜನ್ನು ದ್ರಾಕ್ಷಿ ತಳಿಯ ಮೇಲೆ ಒಂದು ಸುತ್ತು ಬೆಳೆಸಿ ದಕ್ಷತೆ ಅಳೆಯಿರಿ. 1ರ ಹತ್ತಿರಕ್ಕೆ ಬಂದಿರುತ್ತದೆ. ಈಗ ದಾಳಿಂಬೆ ತಳಿಯಲ್ಲಿ ಒಂದೇ ಒಂದು ಸುತ್ತು ಬೆಳೆಸಿ ಮತ್ತೆ ದ್ರಾಕ್ಷಿಗೆ ತನ್ನಿ. ದಕ್ಷತೆ ಪಾತಾಳಕ್ಕೆ ಬಿದ್ದರೆ ಅದು ಡಿಎನ್‌ಎ ಮೇಲಿನ ಮಿಥೈಲ್ ಗುರುತಿನ ಆಟ: ಕೊನೆಯ ಬಾರಿ ಯಾವ ಮನೆಯಲ್ಲಿ ಬೆಳೆಯಿತೋ ಆ ಮನೆಯ ಮುದ್ರೆ. ಬೀಳದೆ ನಿಂತರೆ ಅದು ಆತಿಥೇಯ ಶ್ರೇಣಿಯ ರೂಪಾಂತರ. 1952-53ರಲ್ಲಿ ಲೂರಿಯಾ, ಬರ್ತಾನಿ ಮುಂತಾದವರು ಕಂಡ ಈ ಏರಿಳಿತದ ಎಳೆ ಹಿಡಿದು ಹೋದದ್ದರಿಂದಲೇ ಮುಂದೆ ಡಿಎನ್‌ಎ ಕತ್ತರಿಸುವ ರಿಸ್ಟ್ರಿಕ್ಷನ್ ಕಿಣ್ವಗಳು ಸಿಕ್ಕವು. ಯಾವ ತಳಿಯ ಮೇಲೆ ಬೆಳೆಸಿದ ಲೈಸೇಟ್ ಎಂದು ಹೇಳದ ದಕ್ಷತೆಯ ಕೋಷ್ಟಕ ಅರ್ಧ ಕೋಷ್ಟಕ.

ಬಿಡಿ ಪ್ಲಾಕ್ ಕಿತ್ತು ಮತ್ತೆ ಬೆಳೆಸುವ ಶುದ್ಧೀಕರಣ ಮೂರು ಸುತ್ತಾದರೂ ಆಗಬೇಕು. ಕೊನೆಯಲ್ಲಿ ದಾಳಿಂಬೆ ತಳಿಯಿಂದ ತೆಗೆದ ಫೇಜ್, ಲಿಂಬೆ ತಳಿಯಿಂದ ತೆಗೆದ ಫೇಜ್ ಎರಡರ ಡಿಎನ್‌ಎಯನ್ನೂ ಒಂದೇ ಕಿಣ್ವದಿಂದ ಕತ್ತರಿಸಿ ಜೆಲ್ ಮೇಲೆ ಅಕ್ಕಪಕ್ಕ ಓಡಿಸಿ. ಏಣಿಯ ಮೆಟ್ಟಿಲುಗಳು ಹೊಂದಬೇಕು. ಒಂದರಲ್ಲಿ ಹೆಚ್ಚಿನ ಪಟ್ಟಿಗಳು ಕಂಡರೆ ಅಥವಾ ಕತ್ತರಿಯೇ ಬೀಳದಿದ್ದರೆ ಬೆರಕೆಯೋ ಮಿಥೈಲ್ ಗುರುತೋ ನೋಡಬೇಕು, ಸೀಕ್ವೆನ್ಸಿಂಗ್‌ಗೆ ಹಣ ಸುರಿಯುವ ಮೊದಲು.

ಒಂದು ಫೇಜ್ ಹಲವನ್ನು ಹಿಡಿಯುವುದು ಹೇಗೆ

ಫೇಜಿನ ಬಾಲದ ನಾರು ದುಂಡಾಣುವಿನ ಮೈಮೇಲಿನ ಯಾವುದೋ ಒಂದು ಗ್ರಾಹಕಕ್ಕೆ ಅಂಟಬೇಕು. ಆ ಗ್ರಾಹಕ ಹಲವು ತಳಿಗಳಲ್ಲಿ ಒಂದೇ ಆಗಿದ್ದರೆ ಫೇಜಿಗೆ ಶ್ರಮವಿಲ್ಲ. ಇಲ್ಲದಿದ್ದರೆ ಫೇಜೇ ಹೆಚ್ಚು ಕೈ ಇಟ್ಟುಕೊಂಡಿರಬೇಕು. ಈ. ಕೋಲೈನ ಕೆ1-5 ಫೇಜಿಗೆ ಎರಡು ಬಗೆಯ ಬಾಲದ ಮುಳ್ಳು, ಒಂದು ಕೆ1 ಕವಚಕ್ಕೆ, ಇನ್ನೊಂದು ಕೆ5ಕ್ಕೆ. ಮ್ಯು ಫೇಜ್ ತನ್ನ ಡಿಎನ್‌ಎಯ ಒಂದು ತುಂಡನ್ನು ತಿರುಗುಮುರುಗು ಮಾಡಿ ಬಾಲದ ನಾರನ್ನೇ ಬದಲಿಸಿಕೊಳ್ಳುತ್ತದೆ. ಪಿಆರ್‌ಡಿ1 ಫೇಜಿನ ಕಥೆ ಇನ್ನೂ ಸೊಗಸು. ಅದು ಈ. ಕೋಲೈ, ಸಾಲ್ಮೊನೆಲ್ಲಾ, ಸ್ಯೂಡೊಮೊನಾಸ್ ಎಲ್ಲವನ್ನೂ ಹೊಡೆಯುತ್ತದೆ, ಆದರೆ ಕೆಲವು ಬಗೆಯ ಪ್ಲಾಸ್ಮಿಡ್ (ಮುಖ್ಯ ಜೀನೋಮಿನಿಂದ ಬೇರೆಯಾದ ಸಣ್ಣ ಡಿಎನ್‌ಎ) ಹೊತ್ತ ಕೋಶಗಳನ್ನು ಮಾತ್ರ. ಗ್ರಾಹಕ ಇರುವುದು ಆ ಪ್ಲಾಸ್ಮಿಡ್ ಕಟ್ಟಿಸಿದ ಯಂತ್ರದಲ್ಲಿ, ಔಷಧ ನಿರೋಧಕ ಜೀನುಗಳು ಸುತ್ತಾಡುವುದೂ ಅದೇ ಪ್ಲಾಸ್ಮಿಡ್ಡುಗಳಲ್ಲಿ. ಅಂಥ ಫೇಜನ್ನು ಹಿಡಿದು ‘ಮೂರು ಕುಲಗಳ ಮೇಲೆ ಕೆಲಸ ಮಾಡುತ್ತದೆ’ ಎಂದರೆ ಮಾತು ನಿಜ, ಅರ್ಥ ತಪ್ಪು.

ಕ್ಸಾಂಥೊಮೊನಾಸ್ ಫೇಜ್‌ಗಳಲ್ಲಿ ಹಲವು ನಾಲ್ಕನೆಯ ಬಗೆಯ ಪಿಲಿ ಎಂಬ ಕೂದಲನ್ನೋ ಹೊರಪೊರೆಯ ಲಿಪೊಪಾಲಿಸ್ಯಾಕರೈಡನ್ನೋ ಹಿಡಿಯುತ್ತವೆ. ಇದು ನಮಗೆ ಅನುಕೂಲ. ಫೇಜಿನಿಂದ ತಪ್ಪಿಸಿಕೊಳ್ಳಲು ಆ ಕೂದಲನ್ನೇ ಬಿಟ್ಟುಕೊಟ್ಟ ದುಂಡಾಣು ಎಲೆಗೆ ಅಂಟುವ, ರೋಗ ತರುವ ಬಲವನ್ನೂ ಕಳೆದುಕೊಳ್ಳುವುದುಂಟು. ನಿರೋಧಕ ರೂಪಾಂತರಗಳನ್ನು ಕಿತ್ತು ದಾಳಿಂಬೆ ಎಲೆಗೆ ಚುಚ್ಚಿ ನೋಡುವುದು ಒಂದು ವಾರದ ಕೆಲಸ. ಇದು ಹೇಳುವಷ್ಟನ್ನು ಹತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಚಿತ್ರಗಳು ಹೇಳವು.

ಉಳಿದ ಲಕ್ಷಣ ಪರೀಕ್ಷೆಗಳು ನೇರ. ಅಂಟುವ ವೇಗ ನೋಡಲು ಮಿ.ಲೀ.ಗೆ 10⁸ ಕೋಶಕ್ಕೆ 10⁶ ಫೇಜ್ ಹಾಕಿ, ಐದೈದು ನಿಮಿಷಕ್ಕೆ ಅಂಟದೆ ಉಳಿದದ್ದನ್ನು ಎಣಿಸಬೇಕು. ಒಂದು ಸುತ್ತಿನ ಬೆಳವಣಿಗೆಯಲ್ಲಿ ಈ. ಕೋಲೈ ಫೇಜ್‌ನ ರೂಢಿಯಂತೆ ಒಂದು ಗಂಟೆಗೆ ಪ್ರಯೋಗ ಮುಗಿಸಿದರೆ ಏನೂ ಕಾಣದೆ ಹೋಗಬಹುದು. ಕ್ಸಾಂಥೊಮೊನಾಸ್ ನಿಧಾನ, ಫೇಜ್ ಒಡೆದು ಬರಲು ಗಂಟೆ ದಾಟುವುದು ಅಪರೂಪವಲ್ಲ, ಮೂರ್ನಾಲ್ಕು ಗಂಟೆ ಕಾಯಬೇಕು. ಪ್ರತಿ ಆತಿಥೇಯದ ಮೇಲೂ ಇದನ್ನು ಬೇರೆ ಬೇರೆಯಾಗಿ ಮಾಡಬೇಕು. ಪ್ಲಾಕ್ ಸಂಖ್ಯೆ ಒಂದೇ ಇದ್ದರೂ ಒಂದರಲ್ಲಿ ಕೋಶಕ್ಕೆ ನೂರು ಮರಿ, ಇನ್ನೊಂದರಲ್ಲಿ ಹತ್ತು ಬರಬಹುದು. ವರ್ಗೀಕರಣದಲ್ಲಿ ಮಯೋವಿರಿಡೇ, ಸೈಫೋವಿರಿಡೇ, ಪೊಡೋವಿರಿಡೇ ಎಂಬ ಕುಟುಂಬಗಳನ್ನು 2022ರಲ್ಲೇ ಕೈಬಿಡಲಾಗಿದೆ, ಈಗ ಬಾಲದ ಫೇಜ್‌ಗಳೆಲ್ಲ ಕಾಡೊವೈರಿಸಿಟೀಸ್ ವರ್ಗ. ಚಿತ್ರ ನೋಡಿ ಕುಟುಂಬ ಹೇಳುವ ಕಾಲ ಮುಗಿಯಿತು.

ಜೀನೋಮಿನಲ್ಲಿ ಇಂಟಿಗ್ರೇಸ್, ರಿಪ್ರೆಸರ್ ಜೀನು (ಕೊಲ್ಲದೆ ಪ್ರೊಫೇಜ್ ಆಗಿ ಮಲಗಬಲ್ಲ ಫೇಜಿನ ಗುರುತು) ಕಂಡರೆ ಆ ಫೇಜನ್ನು ಹೊಲಕ್ಕೆ ಒಯ್ಯಬಾರದು. ವ್ಯಾಪಕ ಫೇಜಿನಲ್ಲಿ ಇನ್ನೊಂದು ಅಪಾಯವನ್ನು ಪ್ರತ್ಯೇಕವಾಗಿ ನೋಡಬೇಕು: ಕೆಲವು ಫೇಜ್‌ಗಳು ತಲೆ ತುಂಬಿಸಿಕೊಳ್ಳುವಾಗ ತಪ್ಪಿ ಆತಿಥೇಯದ ಡಿಎನ್‌ಎಯನ್ನೇ ತುಂಬಿಕೊಂಡು ಮುಂದಿನ ಕೋಶಕ್ಕೆ ಸಾಗಿಸುತ್ತವೆ. ಸಂಕುಚಿತ ಫೇಜ್ ಆದರೆ ಆ ಸಾಗಣೆ ಒಂದೇ ಮನೆತನದೊಳಗೆ ನಡೆಯುತ್ತದೆ. ನಾಲ್ಕು ಪ್ಯಾಥೋವಾರ್‌ಗಳನ್ನು ಹೊಕ್ಕುವ ಫೇಜ್ ಸ್ಟ್ರೆಪ್ಟೊಮೈಸಿನ್ ನಿರೋಧಕ ಜೀನನ್ನು ದಾಳಿಂಬೆಯ ದುಂಡಾಣುವಿನಿಂದ ಲಿಂಬೆಯದಕ್ಕೆ ಒಯ್ಯಬಲ್ಲದು. ವರ್ಷಗಟ್ಟಲೆ ಆ ಔಷಧ ಹೊಡೆದ ಸೀಮೆಯಲ್ಲಿ ಇದು ಪುಸ್ತಕದ ಭಯವಲ್ಲ. ನಿರೋಧಕ ತಳಿಯ ಮೇಲೆ ಬೆಳೆಸಿದ ಲೈಸೇಟನ್ನು ನಿರೋಧವಿಲ್ಲದ ತಳಿಗೆ ಸೇರಿಸಿ, ಸ್ಟ್ರೆಪ್ಟೊಮೈಸಿನ್ ಪ್ಲೇಟಿನ ಮೇಲೆ ವಸಾಹತು ಏಳುತ್ತದೆಯೇ ನೋಡುವುದು ಅಗ್ಗದ ಪರೀಕ್ಷೆ. ತನ್ನಿಂತಾನೇ ನಿರೋಧಕವಾಗುವ ಕೋಶಗಳೂ ಇರುವುದರಿಂದ ಫೇಜ್ ಹಾಕದ ಪ್ಲೇಟಿನ ಜತೆ ಹೋಲಿಸಬೇಕು. ಇಷ್ಟರ ಮೇಲೆ, ತೋಟಕ್ಕೆ ಬಿಡುವ ಸ್ಯೂಡೊಮೊನಾಸ್ ಫ್ಲುರೊಸೆನ್ಸ್, ಬ್ಯಾಸಿಲಸ್ ಸಬ್ಟಿಲಿಸ್‌ನಂಥ ಉಪಕಾರಿ ದುಂಡಾಣುಗಳನ್ನೂ ಆತಿಥೇಯ ಪಟ್ಟಿಗೆ ಸೇರಿಸಿ. ಅವುಗಳ ಮೇಲೆ ಪ್ಲಾಕ್ ಬರಬಾರದು.

ಪ್ರಯೋಗಾಲಯ ದಾಟಿದ ಫೇಜಿಗೆ ಮುಂದಿನ ಶತ್ರು ಬಿಸಿಲು. ಎಲೆಯ ಮೇಲೆ ಅತಿನೇರಳೆ ಕಿರಣಕ್ಕೆ ಅದು ಗಂಟೆಗಳಲ್ಲಿ ಕುಸಿಯುತ್ತದೆ. ಅದಕ್ಕೇ ಹೊತ್ತು ಮುಳುಗುವಾಗ ಹೊಡೆಯುವುದು, ಕೆನೆ ತೆಗೆದ ಹಾಲಿನ ಪುಡಿ 0.75% ಮತ್ತು ಸಕ್ಕರೆ 0.5% ಬೆರೆಸಿ ಫೇಜಿಗೆ ಮರೆ ಮಾಡುವುದು. ಟೊಮೆಟೊದಲ್ಲಿ ಇದು ಫಲ ಕೊಟ್ಟಿದೆ. ತಾಮ್ರದ ಬೋರ್ಡೊ ದ್ರಾವಣ ಹೊಡೆಯುವ ಪಂಪಿನಲ್ಲೇ ತೊಳೆಯದೆ ಫೇಜ್ ತುಂಬಿದರೆ ಟ್ಯಾಂಕಿನಲ್ಲೇ ಕಥೆ ಮುಗಿಯಿತು. ಕಾಂಡದ ಗಾಯದೊಳಗೆ ಅಡಗಿದ ದುಂಡಾಣುವನ್ನು ಸಿಂಪರಣೆಯ ಫೇಜ್ ಮುಟ್ಟದು, ಆದ್ದರಿಂದ ರೋಗದ ರೆಂಬೆ ಕತ್ತರಿಸಿ ಸುಡುವ ಕೆಲಸ ತಪ್ಪುವುದಿಲ್ಲ. ಹೊಲದ ಪ್ರಯೋಗದಲ್ಲಿ ಫೇಜ್ ಹೊಡೆದ ಸಾಲು, ಏನೂ ಹೊಡೆಯದ ಸಾಲು ಇವೆರಡರ ಜತೆ ಬರೀ ಹಾಲಿನ ಪುಡಿ-ಸಕ್ಕರೆ ಹೊಡೆದ ಸಾಲು, ಕಾಯಿಸಿ ಕೊಂದ ಫೇಜ್ ಹೊಡೆದ ಸಾಲು ಎರಡೂ ಇರಬೇಕು. ಆಮೇಲೆ ಒಂದು, ಮೂರು, ಏಳನೆಯ ದಿನ ಎಲೆ ತೊಳೆದ ನೀರಿನಲ್ಲಿ ಪ್ಲಾಕ್ ಎಣಿಸಬೇಕು, ದಾಳಿಂಬೆಯ ಮೇಲೆ ಒಮ್ಮೆ, ಪಕ್ಕದ ಲಿಂಬೆ ತೋಟದಲ್ಲಿ ಇನ್ನೊಮ್ಮೆ.